ಸೈಕಲ್ಲಿನ ಬೆಲೆ, ಇಚ್ಛೆಯ ಮೇರೆ

ಕಬ್ಬು ನುರಿಸುವ ಕಾಲದಲ್ಲಿ ಜಮಖಂಡಿ–ಮುಧೋಳ ರಸ್ತೆಯ ನಸುಕು ಎರಡು ಬಗೆಯ ಸೈಕಲ್ಲುಗಳನ್ನು ತೋರಿಸುತ್ತದೆ. ಒಂದು, ಎರಡೂ ಬದಿಗೆ ಹಾಲಿನ ಕ್ಯಾನು ಇಳಿಬಿಟ್ಟುಕೊಂಡು ಊರೊಳಗೆ ಬರುವ ಕಪ್ಪು ಬಣ್ಣದ ಹಳೆಯ ಸೈಕಲ್ಲು; ಬರಿದಾಗಿದ್ದಾಗಲೇ ಅದರ ತೂಕ 20 ಕೆ.ಜಿ. ಆಸುಪಾಸು. ಇನ್ನೊಂದು, ಹೇರು ತುಂಬಿದ ಟ್ರ್ಯಾಕ್ಟರುಗಳ ಮಗ್ಗುಲಲ್ಲಿ ಬೆನ್ನು ಬಾಗಿಸಿ ಸಾಲಾಗಿ ಸಾಗುವ ಹುಡುಗ ಹುಡುಗಿಯರದು. ಮುಧೋಳದ ಬೇಟೆನಾಯಿಯಂತೆ ಎಲುಬು ನರಗಳಲ್ಲದೆ ಬೇರೇನೂ ಇಲ್ಲದ ಸೈಕಲ್ಲು. ಮೊದಲನೆಯದು ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಎರಡನೆಯದರ ಬೆಲೆ ಲಕ್ಷಗಳಲ್ಲಿ ಆರಂಭವಾಗುತ್ತದೆ; ಅತ್ಯುತ್ತಮವೆನಿಸಿದ್ದು ಹತ್ತು ಲಕ್ಷವನ್ನೂ ದಾಟುತ್ತದೆ. ಎರಡಕ್ಕೂ ಗಾಲಿ ಎರಡೇ, ಚೈನು ಒಂದೇ, ತುಳಿಯುವ ಕಾಲು ಮನುಷ್ಯನದೇ.

ಈ ಸೀಮೆಗೆ ಸೈಕಲ್ ಶರ್ಯತ್ತು ಹೊಸದಲ್ಲ. ಜಾತ್ರೆಯೆಂದರೆ ತೇರು, ಕುಸ್ತಿ, ಗಾಡಿ ಶರ್ಯತ್ತುಗಳ ಜೊತೆಗೆ ಸೈಕಲ್ ಓಟವೂ ನಡೆಯುವ ನಾಡಿದು. ವಿಜಯಪುರ, ಬಾಗಲಕೋಟೆಗಳ ಕ್ರೀಡಾ ವಸತಿ ನಿಲಯಗಳು, ಚಂದರಗಿಯ ಕ್ರೀಡಾ ಶಾಲೆ ರೈತರ, ನೇಕಾರರ, ಕೂಲಿಕಾರರ ಮಕ್ಕಳನ್ನು ರಾಷ್ಟ್ರಮಟ್ಟದ ಸ್ಪರ್ಧೆಗಳವರೆಗೆ ಕೊಂಡೊಯ್ದಿವೆ. ಹೀಗಾಗಿ ದುಬಾರಿ ಸೈಕಲ್ಲು ಬೇಕೇ ಎಂಬ ಪ್ರಶ್ನೆ ಇಲ್ಲಿ ಉಳ್ಳವರ ಹವ್ಯಾಸದ ಚರ್ಚೆಯಷ್ಟೇ ಅಲ್ಲ; ಅದು ಮಗ್ಗದ ಮನೆಯೊಳಗೂ ಬಂದು ಕೂರುತ್ತದೆ.

ರಬಕವಿಯ ಶ್ರಾವಕನೊಬ್ಬನಿದ್ದಾನೆನ್ನಿ. ಮನೆಯಲ್ಲಿ ನಾಲ್ಕು ಪಾವರ್‌ಲೂಮ್‌ಗಳು. ಸೀರೆಯ ಸಂತೆ ಚೆನ್ನಾಗಿದ್ದರೆ ಉಣ್ಣುವುದಕ್ಕೆ ಕೊರತೆಯಿಲ್ಲ, ಕೆಟ್ಟರೆ ಸಾಲ. ಮಗಳು ಸರ್ಕಾರದವರು ಕೊಟ್ಟ ಶಾಲೆಯ ಸೈಕಲ್ಲಿನಲ್ಲಿ ಓಟ ಕಲಿತವಳು, ಜಿಲ್ಲೆ ಗೆದ್ದವಳು, ರಾಜ್ಯಮಟ್ಟದಲ್ಲಿ ಹಿಂದೆ ಬಿದ್ದವಳು. ಇನ್ನು ಮುಂದೆ ಹೋಗಬೇಕಾದರೆ ನಾಲ್ಕು ಲಕ್ಷದ ಸೈಕಲ್ಲು ಬೇಕೆಂದು ತರಬೇತುದಾರರು ಹೇಳಿದ್ದಾರೆ. ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯದ ಪ್ರವಚನ ಮುಗಿದ ಮೇಲೆ, ಆತ ಬಸದಿಯ ಅಂಗಳದಲ್ಲಿ ಪಂಡಿತರ ಬಳಿ ನಿಂತು, “ಪಂಡಿತರ, ಏನೂ ನನ್ನದಲ್ಲ ಅನ್ನೂದು ಧರ್ಮ ಅಂದ್ರಿ. ಹಂಗಾರ ಮಗಳಿಗೆ ನಾಕ್ ಲಕ್ಷದ ಸೈಕಲ್ ಕೊಡಿಸೂದು ಪಾಪಾ ಏನ್ರಿ?” ಎಂದು ಕೇಳುತ್ತಾನೆ. ನೂರು ಮನೆಗಳಲ್ಲಿ ನೂರು ಬಗೆಯಲ್ಲಿ ಏಳುವ ಪ್ರಶ್ನೆಯಿದು. ಸರಳವಾಗಿ ಬದುಕಿ ಎಂಬ ಸಿದ್ಧ ಉತ್ತರವನ್ನು ಕೊಟ್ಟು ಅವನನ್ನು ಕಳುಹಿಸಿಬಿಡಬಹುದು. ಆದರೆ ಜೈನ ಆಚಾರ್ಯರು ಈ ವಿಷಯವನ್ನು ಅಷ್ಟು ಸುಲಭಕ್ಕೆ ಬಿಟ್ಟವರಲ್ಲ.

ಮೊದಲು ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು: ದುಬಾರಿ ಸಾಧನದಿಂದ ಪ್ರಯೋಜನವೇ ಇಲ್ಲವೆನ್ನುವುದು ಸುಳ್ಳು. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಕ್ರಮಿಸಿ ದಾಖಲೆ ಬರೆದ. 1996ರಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್, ಗಾಳಿಯನ್ನು ಸೀಳಲೆಂದೇ ರೂಪಿಸಿದ ಸೈಕಲ್ಲಿನ ಮೇಲೆ ಕೈಗಳನ್ನು ಮುಂದಕ್ಕೆ ಚಾಚಿ ಮಲಗಿದಂತಹ ಭಂಗಿಯಲ್ಲಿ 56.375 ಕಿಲೋಮೀಟರ್ ಹೋದ. ಅನಂತರ ವಿಶ್ವ ಸೈಕ್ಲಿಂಗ್ ಒಕ್ಕೂಟವು ಈ ದಾಖಲೆಗೆ ಮರ್ಕ್ಸ್‌ನ ಕಾಲದ ಮಾದರಿಯ ಸೈಕಲ್ಲನ್ನೇ ಬಳಸಬೇಕೆಂದು ನಿಯಮ ಮಾಡಿತು. 2000ದಲ್ಲಿ ಅದೇ ಬೋರ್ಡ್‌ಮನ್ ಅಂಥ ಸೈಕಲ್ಲನ್ನೇರಿದಾಗ ಕ್ರಮಿಸಿದ್ದು 49.441 ಕಿಲೋಮೀಟರ್, ಮರ್ಕ್ಸ್‌ಗಿಂತ 10 ಮೀಟರ್ ಮಾತ್ರ ಹೆಚ್ಚು. ನಾಲ್ಕು ವರ್ಷಗಳಲ್ಲಿ ವಯಸ್ಸೂ ಸ್ವಲ್ಪ ಕೆಲಸ ಮಾಡಿರಬಹುದು. ಆದರೂ ಏಳು ಕಿಲೋಮೀಟರಿನ ಆ ಅಂತರದಲ್ಲಿ ಬಹುಪಾಲು ಸಾಧನದ್ದು ಮತ್ತು ಭಂಗಿಯದು.

ಹಾಗೆಂದು ಅಂಗಡಿಯವರು ಹೇಳುವುದೆಲ್ಲ ನಿಜವೂ ಅಲ್ಲ. 60 ಕೆ.ಜಿ. ತೂಗುವವನು 10 ಕೆ.ಜಿ.ಯ ಸೈಕಲ್ಲನ್ನು ಬಿಟ್ಟು 9 ಕೆ.ಜಿ.ಯದನ್ನು ಕೊಂಡರೆ ಒಟ್ಟು ಭಾರದಲ್ಲಿ ಕಡಿಮೆಯಾಗುವುದು ನೂರಕ್ಕೆ ಒಂದೂವರೆಯಷ್ಟೂ ಅಲ್ಲ. ಒಂದು ಗಂಟೆಯ ಏರುದಾರಿಯಲ್ಲಿ ಇದರಿಂದ ಉಳಿಯುವುದು ಒಂದು ನಿಮಿಷಕ್ಕಿಂತ ಕಡಿಮೆ. ಕೃಷ್ಣೆ ಘಟಪ್ರಭೆಯರ ನಡುವಿನ ಬಯಲಿನಲ್ಲಿ ಅದೂ ಇಲ್ಲ. ಬಯಲಿನಲ್ಲಿ ಎದುರಾಳಿಯಾಗುವುದು ಗಾಳಿ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಆ ತಡೆಯ ಬಹುಭಾಗ ಹುಟ್ಟುವುದು ಸೈಕಲ್ಲಿನಿಂದಲ್ಲ, ಅದರ ಮೇಲೆ ಕುಳಿತ ದೇಹದಿಂದ. ಬೆನ್ನು ಬಾಗಿಸುವುದಕ್ಕೆ ಹಣ ಬೇಕಿಲ್ಲ. ಧೂಳು ತುಂಬಿದ ದುಬಾರಿ ಚೈನಿಗಿಂತ ಒರೆಸಿ ಎಣ್ಣೆ ಬಿಟ್ಟ ಸಾಧಾರಣ ಚೈನು ಹಗುರಾಗಿ ಓಡುತ್ತದೆ. ಇದನ್ನು ಬನಹಟ್ಟಿಯ ಯಾವ ಪಂಕ್ಚರ್ ಅಂಗಡಿಯವನಾದರೂ ಹೇಳಿಯಾನು. ಉಕ್ಕಿನ ಚೌಕಟ್ಟು ಮುರಿದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಬೆಸೆದೀತು. ಕಾರ್ಬನ್ ಚೌಕಟ್ಟು ಬಿರಿದರೆ ಅದನ್ನು ಬಲ್ಲ ಕುಶಲರನ್ನು ಹುಡುಕಿಕೊಂಡು ದೂರದ ನಗರಕ್ಕೆ ಹೋಗಬೇಕು. ಮೊದಲ ಇಪ್ಪತ್ತು ಸಾವಿರ ಕೊಡುವಷ್ಟು ಲಾಭವನ್ನು ಕೊನೆಯ ಎರಡು ಲಕ್ಷ ಕೊಡುವುದಿಲ್ಲ. ಕೊನೆಯ ಆ ಎರಡು ಲಕ್ಷಕ್ಕೆ ಅರ್ಥವಿರುವುದು ಸೆಕೆಂಡಿನ ಭಾಗಗಳಲ್ಲಿ ಸೋಲು ಗೆಲುವು ತೀರ್ಮಾನವಾಗುವ ಕಡೆಯಲ್ಲಿ ಮಾತ್ರ.

ಇಲ್ಲಿಯವರೆಗಿನದು ಲೌಕಿಕ ಲೆಕ್ಕ. ಧರ್ಮದ ಲೆಕ್ಕ ಬೇರೆ ಕಡೆಯಿಂದ ಶುರುವಾಗುತ್ತದೆ.

ದಿಗಂಬರ ಮುನಿಯ ಕೈಯಲ್ಲಿ ಇರುವುದೇನು? ನವಿಲುಗರಿಯ ಪಿಂಛಿ, ಕಮಂಡಲು, ಒಂದು ಶಾಸ್ತ್ರಗ್ರಂಥ. ಬಟ್ಟೆಯನ್ನೂ ತೊರೆದವರ ಬಳಿ ಈ ಮೂರು ಉಳಿಯುವುದು ಹೇಗೆ? ಪಿಂಛಿ ಸಂಯಮದ ಉಪಕರಣ, ಕಮಂಡಲು ಶೌಚದ ಉಪಕರಣ, ಶಾಸ್ತ್ರ ಜ್ಞಾನದ ಉಪಕರಣ ಎಂದು ಪರಂಪರೆ ಹೇಳುತ್ತದೆ. ಇವು ಪರಿಗ್ರಹವಲ್ಲ, ಉಪಕರಣ. ಎರಡು ಪದಗಳ ನಡುವಿನ ಗೆರೆಯನ್ನು ಎಳೆದವರು ಉಮಾಸ್ವಾಮಿಗಳು. ತತ್ತ್ವಾರ್ಥಸೂತ್ರದಲ್ಲಿ ಅವರು ಪರಿಗ್ರಹಕ್ಕೆ ಕೊಟ್ಟ ಲಕ್ಷಣ ವಸ್ತುವಲ್ಲ, ಮೂರ್ಛೆ. ಅಂದರೆ ನನ್ನದೆಂಬ ಭಾವದಲ್ಲಿ ಎಚ್ಚರ ತಪ್ಪುವುದು. ಶ್ವೇತಾಂಬರರ ದಶವೈಕಾಲಿಕವೂ ಇದನ್ನೇ ಹೇಳುತ್ತದೆ. ಮುನಿಯ ಬಟ್ಟೆಯ ವಿಚಾರದಲ್ಲಿ ಒಪ್ಪದ ಎರಡು ಪರಂಪರೆಗಳು ಮೂರ್ಛೆಯೇ ಪರಿಗ್ರಹವೆಂಬಲ್ಲಿ ಒಂದಾಗುತ್ತವೆ.

ಈ ಮಾತನ್ನು ಕೇಳಿದೊಡನೆ ಮನಸ್ಸು ಒಂದು ಉಪಾಯ ಹೂಡುತ್ತದೆ. ಹತ್ತು ಲಕ್ಷದ ಸೈಕಲ್ಲು ನನ್ನ ಬಳಿಯಿದೆ, ಆದರೆ ನನಗೆ ಅದರ ಮೇಲೆ ಮೋಹವಿಲ್ಲ, ಆದ್ದರಿಂದ ನಾನು ಅಪರಿಗ್ರಹಿ! ಸುಮಾರು 10ನೆಯ ಶತಮಾನದ ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಜಾಣತನಕ್ಕೆ ಎಡೆಗೊಡಲಿಲ್ಲ. ಹೊರಗಿನ ವಸ್ತು ಒಳಗಿನ ಮೂರ್ಛೆಗೆ ನಿಮಿತ್ತವಾಗುತ್ತದೆಂದು ಅವರು ಹೇಳುತ್ತಾರೆ. ಮೂರ್ಛೆಯಲ್ಲಿ ಹೆಚ್ಚು ಕಡಿಮೆಗಳಿವೆಯೆಂಬುದಕ್ಕೆ ಅವರು ಕೊಡುವ ದೃಷ್ಟಾಂತ ಮನೋಹರವಾಗಿದೆ: ಹಸಿ ಹುಲ್ಲಿನ ಚಿಗುರು ಮೇಯುವ ಜಿಂಕೆಮರಿಯಲ್ಲಿರುವ ಮೂರ್ಛೆ ಮಂದವಾದುದು, ಇಲಿಗಳ ಹಿಂಡನ್ನೇ ಹೊಡೆದು ಹಾಕುವ ಬೆಕ್ಕಿನಲ್ಲಿರುವುದು ತೀವ್ರವಾದುದು. ಎರಡಕ್ಕೂ ಆಹಾರ ಬೇಕು. ಜಿಂಕೆಮರಿಯನ್ನು ಯಾರಾದರೂ ಬೆದರಿಸಿದರೆ ಅದು ಹುಲ್ಲು ಬಿಟ್ಟು ಓಡುತ್ತದೆ. ಬೆಕ್ಕು ಬಾಯಲ್ಲಿ ಹಿಡಿದದ್ದನ್ನು ಬಿಡಲೊಲ್ಲದು.

ಸೈಕಲ್ಲಿಗೂ ಈ ಪರೀಕ್ಷೆ ಸಲ್ಲುತ್ತದೆ. ಶರ್ಯತ್ತಿಗೆ ಹೋಗದ, ವಾರಕ್ಕೊಮ್ಮೆ ಚಹಾದಂಗಡಿಯವರೆಗೆ ಹೋಗಿಬರುವ ಗೃಹಸ್ಥನೊಬ್ಬ ಒಳ್ಳೆಯ ಸೈಕಲ್ಲು ಕೊಂಡ. ಆರು ತಿಂಗಳಿಗೆ ಅದರ ಗಾಲಿಗಳು ಹಗುರಲ್ಲವೆನಿಸಿತು. ಬೇರೆ ಗಾಲಿ ತರಿಸಿದ. ಬಳಿಕ ಸೀಟು, ಆಮೇಲೆ ಹ್ಯಾಂಡಲ್, ಆಮೇಲೆ 12 ಹಲ್ಲುಚಕ್ರಗಳ ಗೇರು. ಗೀರು ಬೀಳಬಹುದೆಂದು ಸಂತೆಗೆ ಒಯ್ಯುವುದಿಲ್ಲ, ಕಳುವಾದೀತೆಂದು ಬಸದಿಗೆ ಒಯ್ಯುವುದಿಲ್ಲ, ಮಳೆಗಾಲದಲ್ಲಿ ಹೊರಗೇ ತೆಗೆಯುವುದಿಲ್ಲ. ಸವಾರಿ ಮಾಡುವುದಕ್ಕಾಗಿ ತಂದದ್ದು ಕಾವಲು ಕಾಯುವುದಕ್ಕಾಯಿತು. ಇದು ಬೆಕ್ಕಿನ ಮೂರ್ಛೆ. ನಾಲ್ಕು ಸಾವಿರದ ಹಳೆಯ ಸೈಕಲ್ಲನ್ನು ನೆರೆಯವನಿಗೆ ಅರ್ಧ ತಾಸು ಕೊಡಲಾರದವನದೂ ಅದೇ ಮೂರ್ಛೆಯೆಂಬುದನ್ನು ಮರೆಯಬಾರದು. ಅಗ್ಗದ ವಸ್ತು ಇಟ್ಟುಕೊಂಡ ಮಾತ್ರಕ್ಕೆ ಯಾರೂ ಅಪರಿಗ್ರಹಿಯಾಗುವುದಿಲ್ಲ.

ಶ್ರಾವಕನಿಗೆ ಆಚಾರ್ಯರು ಎಲ್ಲವನ್ನೂ ಬಿಡು ಎನ್ನಲಿಲ್ಲ, ಅಳತೆ ಹಾಕಿಕೋ ಎಂದರು. ಐದನೆಯ ಅಣುವ್ರತದ ಹೆಸರೇ ಪರಿಗ್ರಹ ಪರಿಮಾಣ. ಸಮಂತಭದ್ರಾಚಾರ್ಯರು ಅದನ್ನು ಇಚ್ಛಾಪರಿಮಾಣವೆಂದೂ ಕರೆಯುತ್ತಾರೆ. ವಸ್ತುವಿಗಿಂತ ಮೊದಲು ಅಳೆಯಬೇಕಾದದ್ದು ಬಯಕೆಯನ್ನು. ಅವರ ರತ್ನಕರಂಡಕ ಶ್ರಾವಕಾಚಾರ 150 ಶ್ಲೋಕಗಳ ಚಿಕ್ಕ ಗ್ರಂಥ. ಆದರೂ ಗೃಹಸ್ಥನ ದಿನಚರಿಯ ಯಾವ ಮೂಲೆಯನ್ನೂ ಅದು ಬಿಟ್ಟಿಲ್ಲ. ಒಮ್ಮೆ ಅನುಭವಿಸಿ ಬಿಡುವ ಅನ್ನದಂಥದ್ದು ಭೋಗ, ಮತ್ತೆ ಮತ್ತೆ ಬಳಸುವ ವಸ್ತ್ರದಂಥದ್ದು ಉಪಭೋಗ. ಇವುಗಳಿಗೆ ಮಿತಿ ಹಾಕಿಕೊಳ್ಳುವ ವ್ರತವನ್ನು ವಿವರಿಸುತ್ತ ಅವರು ಭೋಜನದ ನಂತರ ಎರಡನೆಯದಾಗಿ ಎಣಿಸುವುದೇ ವಾಹನವನ್ನು. ಹಾಸಿಗೆ, ಸ್ನಾನ, ಹೂವು, ತಾಂಬೂಲ, ಬಟ್ಟೆ, ಒಡವೆ, ಸಂಗೀತ ಅದರ ಹಿಂದೆ ಬರುತ್ತವೆ. ಇಂದು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ ಎಂದು ಕಾಲವನ್ನು ಗೊತ್ತುಮಾಡಿಕೊಂಡು ಬಿಡುವುದು ನಿಯಮ. ಬದುಕಿರುವವರೆಗೆ ಬಿಡುವುದು ಯಮ.

ಇಂಥ ಮಿತಿ ಕ್ರೀಡೆಗೂ ಬೇಕಾಯಿತೆಂಬುದು ಕುತೂಹಲದ ಸಂಗತಿ. ಸೈಕಲ್ಲನ್ನು ಹಗುರ ಮಾಡುವ ಪೈಪೋಟಿಗೆ ಕೊನೆಯಿಲ್ಲವೆಂದು ಕಂಡ ವಿಶ್ವ ಒಕ್ಕೂಟವು 2000ದಿಂದ ಸ್ಪರ್ಧೆಯ ಸೈಕಲ್ಲು 6.8 ಕೆ.ಜಿ.ಗಿಂತ ಕಡಿಮೆ ಇರಕೂಡದೆಂದು ಮೇರೆ ಹಾಕಿತು. ಗೆಲ್ಲುವುದೇ ಗುರಿಯಾದ ಲೋಕಕ್ಕೂ ಪರಿಮಾಣವಿಲ್ಲದೆ ಆಗಲಿಲ್ಲ.

ವ್ರತವನ್ನು ಹಿಡಿದರೆ ಸಾಲದು, ಅದು ಎಲ್ಲೆಲ್ಲಿ ಸೋರುತ್ತದೆಂಬುದನ್ನೂ ಸಮಂತಭದ್ರರು ತೋರಿಸುತ್ತಾರೆ. ಪರಿಗ್ರಹ ಪರಿಮಾಣಕ್ಕೆ ಅವರು ಹೇಳುವ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಸಂಗ್ರಹ ಮತ್ತು ಲೋಭ ಎಲ್ಲರಿಗೂ ಗೊತ್ತಿರುವಂಥವು. ವಿಸ್ಮಯ ಸ್ವಲ್ಪ ಸೂಕ್ಷ್ಮ: ಇನ್ನೊಬ್ಬನ ಗಳಿಕೆಯನ್ನು ಕಂಡು ಬೆರಗಾಗಿ ಒಳಗೊಳಗೇ ಬೇಯುವುದು. ಜೊತೆಗಾರನ ಹೊಸ ಗಾಲಿಯನ್ನು ನೋಡಿದ ಕ್ಷಣದಿಂದ ತನ್ನ ಗಾಲಿ ಭಾರವೆನಿಸತೊಡಗಿದರೆ, ಭಾರ ಹೆಚ್ಚಿದ್ದು ಗಾಲಿಯಲ್ಲಲ್ಲ.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಮೊದಲನೆಯದರ ಮತ್ತು ಕೊನೆಯದರ ಬಳಿ. ಅತಿವಾಹನವೆಂದರೆ ಲೋಭದಿಂದ ಎತ್ತುಗಳನ್ನು ಅವು ನಡೆಯಬಲ್ಲುದಕ್ಕಿಂತ ಹೆಚ್ಚು ದೂರ ನಡೆಸುವುದು. ಅತಿಭಾರವಹನವೆಂದರೆ ಹೊರಬಲ್ಲುದಕ್ಕಿಂತ ಹೆಚ್ಚು ಹೊರಿಸುವುದು. ಆಚಾರ್ಯರು ಹೇಳಿದ್ದು ವ್ಯಾಪಾರಿಯ ಎತ್ತು ಗಾಡಿಗಳನ್ನು ಕುರಿತು. ಕಬ್ಬಿನ ಹೇರಿಗೆ ಎತ್ತು ಕಟ್ಟುವ ಈ ಸೀಮೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ರಬಕವಿಯ ಆ ತಂದೆಯ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲಿಯೇ. ಸೈಕಲ್ಲಿಗೆ ಎಷ್ಟು ಬೆಲೆಯೆಂದು ಕೇಳುವುದಕ್ಕಿಂತ ಆ ಬೆಲೆಯನ್ನು ಹೊರುವವರು ಯಾರೆಂದು ಕೇಳುವುದು ಒಳ್ಳೆಯದು. ನಾಲ್ಕು ಮಗ್ಗಗಳ ಮನೆ ನಾಲ್ಕು ಲಕ್ಷದ ಸಾಲವನ್ನು ಬಡ್ಡಿಸಮೇತ ಹೊತ್ತೀತೇ? ಸಾಲ ತೀರಿಸಲು ತಾಯಿ ಇನ್ನೂ ಎರಡು ತಾಸು ಮಗ್ಗದ ಮುಂದೆ ನಿಲ್ಲಬೇಕಾದರೆ, ತಮ್ಮನ ಓದು ನಿಲ್ಲಬೇಕಾದರೆ, ಆ ಹಗುರವಾದ ಸೈಕಲ್ಲಿನ ತೂಕ ಎಷ್ಟು? ಇನ್ನೊಂದು ಹೊರೆಯೂ ಇದೆ. ಅಷ್ಟು ಹಣ ಸುರಿದ ಮೇಲೆ ಪದಕ ತರಲೇಬೇಕೆಂಬ ಮಾತು ಮನೆಯಲ್ಲಿ ದಿನವೂ ಕೇಳಿಬರತೊಡಗಿದರೆ, ಹದಿನಾರರ ಹುಡುಗಿಯ ಬೆನ್ನ ಮೇಲೆ ಕುಳಿತದ್ದು ಅದೇ ನಾಲ್ಕು ಲಕ್ಷ. ಮೊಣಕಾಲು ನೋಯುತ್ತಿದೆಯೆಂದು ಹೇಳಲು ಅವಳು ಹಿಂಜರಿದ ದಿನ ಅತಿವಾಹನವೂ ಸೇರಿಕೊಂಡಿತೆಂದೇ ತಿಳಿಯಬೇಕು. ಎತ್ತು ಮಾತಾಡದು, ಮಗಳು ಮಾತಾಡಬಲ್ಲಳು, ಆದರೆ ಆಡಗೊಡಬೇಕು.

ಹಾಗೆಂದು ಕೊಡಿಸಲೇಬಾರದೆಂಬ ತೀರ್ಪನ್ನು ಶಾಸ್ತ್ರದ ತಲೆಗೆ ಕಟ್ಟುವುದು ಸರಿಯಲ್ಲ. ನೇಕಾರನಿಗೆ ಮಗ್ಗ ಹೇಗೋ ಓಟಗಾರ್ತಿಗೆ ಸೈಕಲ್ಲು ಹಾಗೆ. ಲೌಕಿಕ ಸಾಧನೆಯಲ್ಲಿ ಅದು ಉಪಕರಣವೇ. ಮನೆ ಹೊರಬಲ್ಲಷ್ಟಿದ್ದರೆ, ಮೊದಲೇ ಒಂದು ಮೇರೆ ಗೊತ್ತುಮಾಡಿಕೊಂಡಿದ್ದರೆ, ಕೆಲಸ ಮುಗಿದ ಮೇಲೆ ಬಿಟ್ಟುಕೊಡುವ ಮನಸ್ಸಿದ್ದರೆ, ಅದರ ಬೆಲೆ ಲಕ್ಷವಾದರೂ ಅದು ಜಿಂಕೆಮರಿಯ ಹುಲ್ಲಿಗೆ ಹತ್ತಿರ. ತತ್ತ್ವಾರ್ಥಸೂತ್ರ ಬಹಳ ಆರಂಭ, ಬಹಳ ಪರಿಗ್ರಹಗಳನ್ನು ನರಕಾಯುಷ್ಯಕ್ಕೂ ಅಲ್ಪ ಆರಂಭ, ಅಲ್ಪ ಪರಿಗ್ರಹಗಳನ್ನು ಮನುಷ್ಯಾಯುಷ್ಯಕ್ಕೂ ಕಾರಣವೆನ್ನುತ್ತದೆ. ಅಲ್ಪವೆಂದರೆ ಶೂನ್ಯವಲ್ಲ. ಮೇರೆಯನ್ನು ಹಾಕುವವನು ಗೃಹಸ್ಥನೇ. ಹಾಕಿದ ಮೇಲೆ ಅದನ್ನು ಸರಿಸದಿರುವುದೇ ವ್ರತ.

ಹೊರಗಿನ ಪರಿಗ್ರಹಗಳ ಎಣಿಕೆಯಲ್ಲಿ ಮೊದಲು ಬರುವುವು ಕ್ಷೇತ್ರ, ವಾಸ್ತು. ಹೊಲ ಮತ್ತು ಮನೆ. ಆಲಮಟ್ಟಿಯ ಹಿನ್ನೀರು ಏರಿದಾಗ ಬೀಳಗಿ ತಾಲ್ಲೂಕಿನ ಎಷ್ಟೋ ಊರುಗಳವರು ಅವೆರಡನ್ನೂ ನೀರಿಗೆ ಬಿಟ್ಟು ಪುನರ್ವಸತಿ ಕೇಂದ್ರಗಳಿಗೆ ನಡೆದರು. ಅನಿತ್ಯ ಭಾವನೆಯನ್ನು ಅವರಿಗೆ ಯಾರೂ ಬೋಧಿಸಬೇಕಿರಲಿಲ್ಲ. ಪರಿಹಾರದ ಹಣ ಕೈಸೇರಿದಾಗ ಅನೇಕ ಅಂಗಳಗಳಿಗೆ ಮೊದಲು ಬಂದದ್ದು ಹೊಸ ವಾಹನವೆಂಬ ಮಾತು ಆ ಭಾಗದಲ್ಲಿ ಈಗಲೂ ಕೇಳಿಬರುತ್ತದೆ. ಅದನ್ನು ನಗುವ ಮಾತಾಗಿ ಹೇಳುವವರಿದ್ದಾರೆ. ಹೊಲ ಹೋದವನಿಗೆ ಹೋಗಿಬರಲು ಏನಾದರೂ ಬೇಕಾಗಿತ್ತೆಂಬುದನ್ನೂ ನೆನೆಯಬೇಕು.

ದುಬಾರಿ ವಸ್ತು ಪರಿಗ್ರಹವಾಗದೆ ಉಳಿದದ್ದಕ್ಕೆ ಮುಧೋಳದವರಿಗೆ ತಮ್ಮ ಊರಿನ ಕವಿಯ ಬದುಕಿನಲ್ಲೇ ಸಾಕ್ಷಿಯಿದೆ. 949ರಲ್ಲಿ ಮುದುವೊಳಲಿನಲ್ಲಿ, ಅಂದರೆ ಇಂದಿನ ಮುಧೋಳದಲ್ಲಿ, ಹುಟ್ಟಿದ ರನ್ನ ಬಳೆಗಾರರ ಮನೆಯವನು. ಬಳೆಯ ಮಲಾರ ಹೊರುವ ಮನೆತನದಿಂದ ಹೊರಟು ಅಜಿತಸೇನಾಚಾರ್ಯರ ಶಿಷ್ಯನಾದ, ಚಾವುಂಡರಾಯನ ಆಶ್ರಯ ಪಡೆದ, ಚಾಳುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ. 993ರಲ್ಲಿ ಅವನಿಂದ ಅಜಿತಪುರಾಣವನ್ನು ಬರೆಯಿಸಿದವಳು ದಾನಚಿಂತಾಮಣಿ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು 1000 ಪ್ರತಿಗಳನ್ನು ಮಾಡಿಸಿ ಹಂಚಿದವಳೂ ಅವಳೇ. ಅಚ್ಚಿನ ಯಂತ್ರವಿಲ್ಲದ ಕಾಲ. ಪ್ರತಿಯೊಂದನ್ನೂ ಲಿಪಿಕಾರನೊಬ್ಬ ಓಲೆಯ ಮೇಲೆ ಕಂಠದಿಂದ ಕೊರೆಯಬೇಕು. ಸಾವಿರ ಓಲೆಗಟ್ಟುಗಳ ಬೆಲೆ ಎಷ್ಟಿದ್ದಿರಬಹುದೆಂದು ಊಹಿಸಿದರೆ, ಇಂದಿನ ಯಾವ ಸೈಕಲ್ಲೂ ದುಬಾರಿಯೆನಿಸದು. ಆ ಸಾವಿರವನ್ನೂ ಆಕೆ ತನ್ನ ಭಂಡಾರದಲ್ಲಿ ಇಟ್ಟುಕೊಂಡಿದ್ದರೆ ಅದು ಅತಿಸಂಗ್ರಹ. ಓದುವವರ ಕೈಗೆ ಕೊಟ್ಟದ್ದರಿಂದ ಅದು ಶಾಸ್ತ್ರದಾನ.

ಸಮಂತಭದ್ರರು ನಾಲ್ಕು ಬಗೆಯ ದಾನಗಳನ್ನು ಹೇಳುವಾಗ ಆಹಾರ, ಔಷಧ, ಆವಾಸಗಳ ಜೊತೆಗೆ ಉಪಕರಣವನ್ನೂ ಹೆಸರಿಸಿದ್ದಾರೆ. ಅಲ್ಲಿನ ಮಾತು ಮುಖ್ಯವಾಗಿ ಸಂಯಮಿಗಳ ಸೇವೆಯನ್ನು ಕುರಿತದ್ದು. ಸೈಕಲ್ಲಿಗೆ ಅದನ್ನು ನೇರವಾಗಿ ಹೊಂದಿಸುವುದು ಅತಿಯಾದೀತು. ಆದರೆ ಸಾಧನವು ಸಾಧಕನ ಕಡೆಗೆ ಸಾಗಬೇಕೆಂಬ ದಾರಿ ಅಲ್ಲಿ ಕಾಣುತ್ತದೆ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡಲು ತೊಡಗಿದಾಗ ಅದರಲ್ಲಿ ಗೇರಿರಲಿಲ್ಲ, ಹೊಳಪೂ ಹೆಚ್ಚಿರಲಿಲ್ಲ. ಹೈಸ್ಕೂಲು ದೂರವೆಂಬ ಕಾರಣಕ್ಕೆ ಮನೆಯಲ್ಲೇ ಉಳಿಯಬಹುದಾಗಿದ್ದ ಹುಡುಗಿಯರನ್ನು ಅದೇ ಸೈಕಲ್ಲು ಶಾಲೆಗೆ ಕರೆದೊಯ್ದಿತು. ಕೊಟ್ಟ ಹಣಕ್ಕೆ ಬಂದ ಫಲವೆಂದು ಲೆಕ್ಕ ಹಾಕಿದರೆ ಅದನ್ನು ಮೀರಿಸುವ ಸೈಕಲ್ಲು ಸಿಗುವುದು ಕಷ್ಟ.

ಮುನಿಗಳ ಐದು ಸಮಿತಿಗಳಲ್ಲಿ ನಾಲ್ಕನೆಯದು ಆದಾನ-ನಿಕ್ಷೇಪಣ. ಯಾವ ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಕಣ್ಣಿಟ್ಟು ನೋಡಿ, ಪಿಂಛಿಯಿಂದ ಸವರಿ, ಜೀವಕ್ಕೆ ನೋವಾಗದಂತೆ ನಡೆದುಕೊಳ್ಳುವುದು. ಉಪಕರಣವನ್ನು ಇಟ್ಟುಕೊಳ್ಳಲು ಒಪ್ಪಿದವನಿಗೆ ಅದರೊಂದಿಗೆ ಈ ಎಚ್ಚರವೂ ಅಂಟಿಕೊಳ್ಳುತ್ತದೆ. ರಬಕವಿಯ ತಂದೆ ಹೊಸ ಸೈಕಲ್ಲನ್ನೇ ಕೊಳ್ಳಬೇಕೆಂದಿಲ್ಲ. ನಾಲ್ಕು ವರ್ಷ ಓಡಿದ, ಚೌಕಟ್ಟು ಗಟ್ಟಿಯಿರುವ ಶರ್ಯತ್ತಿನ ಸೈಕಲ್ಲು ಕಾಲುಭಾಗದ ಬೆಲೆಗೂ ದೊರೆತೀತು. ಹೊಸ ಚೈನು, ಹೊಸ ಟಾಯರು ಹಾಕಿಸಿದರೆ ರಾಜ್ಯಮಟ್ಟದ ಓಟಕ್ಕೆ ಅದು ಸಾಕು. ಓಟ ನಿಲ್ಲಿಸಿದ ಹಿರಿಯರ ಸೈಕಲ್ಲು ಕಿರಿಯರಿಗೆ ಬರುವುದು ಈ ಕ್ರೀಡೆಯಲ್ಲಿ ಹಿಂದಿನಿಂದಲೂ ಇರುವ ರೂಢಿ. ಕೊಡುವವಳು ಕೊನೆಯ ಸಲ ಚೈನನ್ನು ಒರೆಸಿ, ಹ್ಯಾಂಡಲಿನ ಹರಿದ ಪಟ್ಟಿಯನ್ನು ಬಿಚ್ಚಿ ಹೊಸದನ್ನು ಸುತ್ತುತ್ತಾಳೆ. ಕೊಂಡವಳು ಇನ್ನೂ ಗಿಡ್ಡ; ಕೀಲಿಪಾನದಿಂದ ಬೋಲ್ಟು ಸಡಿಲಿಸಿ ಸೀಟನ್ನು ಎರಡು ಬೆರಳು ಕೆಳಗಿಳಿಸಬೇಕಾಗುತ್ತದೆ.